ಕಡಲಯಾತ್ರೆಯ ಸಮಾಲೋಚನೆ

ಶನಿವಾರ, ಭಾನುವಾರಗಳೆರಡನ್ನೂ ಮುರುಡೇಶ್ವರದ ಕಡಲತಡಿಯಲ್ಲಿ ಕಳೆಯತಕ್ಕದ್ದೆಂಬ ಘನವಾದ ಸಂಕಲ್ಪದಿಂದ ಚನ್ನಗಿರಿಯ ಅಡಿಕೆ ಮಂಡಿಯೊಂದರ ಜಗಲಿಯಲ್ಲಿ ನೆರೆದ ಬಂಧುವರ್ಗವು, ಮಂಡಕ್ಕಿ-ಮೆಣಸಿನಕಾಯಿಯ ಮೂರನೆಯ ತಟ್ಟೆ ಬರಿದಾಗುವಷ್ಟರಲ್ಲಿ, ಹೊರಡುವ ಗಳಿಗೆಯೊಂದನ್ನುಳಿದು ಮಿಕ್ಕೆಲ್ಲವನ್ನೂ ತೂಕದ ಚೀಟಿಯ ಬೆನ್ನಮೇಲೆ ಬರೆದು ಮುಗಿಸಿತ್ತು.

“ಕಡಲೆಂದರೆ ನೀರೇ ತಾನೆ, ಮಾವನವರೇ? ನಮ್ಮ ಸೂಳೆಕೆರೆಗೆ ಉಪ್ಪಿಲ್ಲವೆಂಬುದೊಂದೇ ನ್ಯೂನತೆ,” ಎಂದು, ಕೊಯ್ಲಿನ ಕಾಲದಲ್ಲಿ ತೋಟ ಬಿಡಲೊಲ್ಲದ ಚನ್ನಗಿರಿಯ ಅಳಿಯಂದಿರು ಪೀಠಿಕೆ ಹಾಕಿದರು.

“ನಿಮಗೇನಪ್ಪ, ಕೆರೆಯಿದೆ! ಮಳೆರಾಯನ ಮುಖವನ್ನೇ ಅಪರೂಪಕ್ಕೆ ಕಾಣುವ ಜಗಳೂರಿನವರಿಗೆ ಉಪ್ಪುನೀರಾದರೂ ಆದೀತು. ಅಲ್ಲಿ ಜೋಳದ ರೊಟ್ಟಿ ಸಿಕ್ಕುವುದೋ?”

“ಕುಚ್ಚಲಕ್ಕಿ ಅನ್ನ ಸಿಕ್ಕುವುದು.”

“ಹಾಗಾದರೆ ಆಲೋಚಿಸಬೇಕಾದ ವಿಷಯವೇ ಸರಿ.”

“ಆಲೋಚನೆಯೇಕೆ?” ಎಂದರು ಹೊನ್ನಾಳಿಯ ಭಾವನವರು, ಗಂಭೀರವಾಗಿ. “ಪಶ್ಚಿಮಘಟ್ಟದಲ್ಲಿ ಹುಟ್ಟಿ, ಸಮೀಪದ ಅರಬ್ಬೀ ಸಮುದ್ರಕ್ಕೆ ಬೆನ್ನು ತಿರುಗಿಸಿ, ಕೃಷ್ಣೆಯ ಕೈಹಿಡಿದು ಬಂಗಾಳಕೊಲ್ಲಿಯವರೆಗೂ ನಡೆಯುವ ನಮ್ಮ ತುಂಗಭದ್ರೆಯು ವಿಚಾರವಿಲ್ಲದೆ ಹಾಗೆ ಮಾಡಿದಳೇ?”

ಹೊನ್ನಾಳಿಯಿಂದ ಬೇರ್ಪಟ್ಟು ತಾವೂ ತಾಲ್ಲೂಕಾದ ಹೆಮ್ಮೆಯಿನ್ನೂ ಆರದಿದ್ದ ನ್ಯಾಮತಿಯ ಷಡ್ಡಕರು ಇದನ್ನು ಸಹಿಸಲಾರದೆ, “ಮುರುಡೇಶ್ವರದ 123 ಅಡಿಯ ಶಿವನನ್ನು ಆಮೇಲೆ ನೋಡೋಣ, ಮೊದಲು ನಮ್ಮ ತೀರ್ಥರಾಮೇಶ್ವರಕ್ಕೆ ಬನ್ನಿ,” ಎಂದರು. ಖರ್ಚು ಕಡಮೆಯಾಗುವ ಭಕ್ತಿಗೆ ವಿರೋಧವೆಲ್ಲಿಯದು! ಸಭೆ ಸರ್ವಾನುಮತದಿಂದ ಒಪ್ಪಿತು.

ಮುರುಡೇಶ್ವರದ ಯಾತ್ರೆ ಮುಂದಿನ ವಾರಕ್ಕೆ ನಿಶ್ಚಯವಾಗಿದೆ. ಟೆಂಪೋದಲ್ಲಿ ಸ್ಥಳ ಧಾರಾಳವಾಗಿರುವುದರಿಂದ, ಆಸಕ್ತ ವಾಚಕರು ತಮ್ಮ ಪಾಲಿನ ರೊಟ್ಟಿಯನ್ನು ತಾವೇ ಕಟ್ಟಿಕೊಂಡು ಬರತಕ್ಕದ್ದು.