ಬೋರ್ಡಿಗೆ ವೆಂಕಟರಮಣ, ಗಲ್ಲಾಪೆಟ್ಟಿಗೆಗೆ ಗೋವಿಂದ

ಬೆಂಗಳೂರಿನಲ್ಲಿ ಯಾರಿಗಾದರೂ ಫೋನ್ ಮಾಡಿ, “ಎಸ್.ಎಲ್.ವಿ. ಹತ್ರ ನಿಂತಿದ್ದೀನಿ, ಬಂದುಬಿಡು ಮಾರಾಯ” ಎಂದು ಹೇಳಿ ನೋಡಿ. ನೀವು ಬನಶಂಕರಿಯಲ್ಲಿ ನಿಂತಿರುತ್ತೀರಿ, ಅವನು ಜಯನಗರದಲ್ಲಿ ಎರಡನೇ ಕಾಫಿ ಮುಗಿಸಿ ನಿಮಗೆ ಶಾಪ ಹಾಕುತ್ತಿರುತ್ತಾನೆ. ದೇವರು ಸರ್ವಾಂತರ್ಯಾಮಿ ಎಂದು ಹಿರಿಯರು ಹೇಳಿಕೊಂಡೇ ಬಂದರು. ಶ್ರೀ ಲಕ್ಷ್ಮೀ ವೆಂಕಟೇಶ್ವರನ ಮಟ್ಟಿಗೆ ಅದನ್ನು ಇಡ್ಲಿ, ವಡೆ, ಚಟ್ನಿ ಸಮೇತ ಸಾಬೀತು ಮಾಡಿದವರು ನಮ್ಮ ದರ್ಶಿನಿಯವರು.

ಎಸ್.ಎಲ್.ವಿ. ದಾಟಿದರೆ ಎಸ್.ಎಲ್.ಎನ್., ಅದನ್ನು ದಾಟಿದರೆ ಎಸ್.ಜಿ.ಎಸ್. ಬಸ್ಸಿನ ಕಿಟಕಿ ಪಕ್ಕ ಕೂತು ಬೋರ್ಡುಗಳನ್ನು ಓದುತ್ತಾ ಹೋದರೆ ಕಣ್ಣಿನ ಡಾಕ್ಟರು ಗೋಡೆಗೆ ನೇತುಹಾಕಿದ ಚಾರ್ಟ್ ಓದಿದ ಹಾಗಾಗುತ್ತದೆ. ಈ ಅಕ್ಷರಮಾಲೆಗೆ ವಯಸ್ಸೂ ಆಗಿದೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಹಾಸನದ ಕಡೆಯ ತಿರುಮಲಾಚಾರ್ ಅವರು ತೆರೆದ ಬೇಕರಿಗೆ ಬಿ.ಬಿ. ಎಂದು ಹೆಸರು, ಬೆಂಗಳೂರು ಬ್ರದರ್ಸ್ ಎಂಬುದರ ಚುಟುಕು. ಅವತ್ತಿಗೆ ಅದು ಒಂದೇ ಇತ್ತು, ಸಾಕಿತ್ತು. ಆಮೇಲೆ ಬೀದಿಗೊಂದು ಅಯ್ಯಂಗಾರ್ ಬೇಕರಿ ಬಂತು. ಮಾಲೀಕ ಅಯ್ಯಂಗಾರ್ ಆಗಿರಲೇಬೇಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗಂತೂ ಎಷ್ಟೋ ಅಯ್ಯಂಗಾರ್ ಬೇಕರಿಗಳಲ್ಲಿ ಮೊಟ್ಟೆ ಪಫ್ ಬಿಸಿಬಿಸಿಯಾಗಿ ಸಿಗುತ್ತದೆ. ತಿನ್ನುವುದಕ್ಕೆ ನನ್ನ ತಕರಾರಿಲ್ಲ. ಮೊಟ್ಟೆ ಮುಟ್ಟದವರ ಅಂಗಡಿ ಎಂಬ ನಂಬಿಕೆಯಿಂದಲೇ ಬೆಳೆದ ಹೆಸರಿನ ಕೆಳಗೇ ಅದನ್ನು ಮಾರುವ ಧೈರ್ಯ ಕಂಡು ಮೆಚ್ಚಿಕೊಂಡೆ, ಅಷ್ಟೆ.

ಹೊಸ ಅಂಗಡಿಯವನನ್ನು ಕೇಳಿ, “ಯಾಕ್ರೀ ಈ ಹೆಸರು?” “ದೇವರ ಹೆಸರಲ್ವಾ ಸಾರ್, ಒಳ್ಳೇದಾಗುತ್ತೆ” ಎನ್ನುತ್ತಾನೆ. ಒಳ್ಳೆಯದೇ ಆಗಲಿ. ಜೊತೆಗೆ ಬಾಡಿಗೆಯೂ ಇಲ್ಲ, ದೇವರು ರಾಯಲ್ಟಿ ಕೇಳುವವನಲ್ಲ. ತೊಂದರೆ ಏನೆಂದರೆ ಪಕ್ಕದವನನ್ನೂ ಕೇಳುವುದಿಲ್ಲ! ನೀವು ಮೂರು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು, ಹಿಟ್ಟು ರುಬ್ಬಿ, ಊರಿನ ನಾಲಗೆಗೆ ರುಚಿ ಹಚ್ಚಿದ ಮೇಲೆ, ಎದುರು ಬದಿಯಲ್ಲಿ ‘ನ್ಯೂ’ ಎಂಬ ಒಂದಕ್ಷರ ಸೇರಿಸಿ ಅದೇ ದೇವರು ಅವತರಿಸುತ್ತಾನೆ. ಆಗ ನೀವು ಮಾಡುವ ಘನಕಾರ್ಯ ಒಂದೇ: ‘ನಮ್ಮಲ್ಲಿ ಬೇರೆ ಶಾಖೆಗಳಿಲ್ಲ’ ಎಂದು ಕೆಂಪಕ್ಷರದಲ್ಲಿ ಬರೆಸುವುದು. ಎದುರಿನವನೂ ಅದನ್ನೇ ಬರೆಸುತ್ತಾನೆ, ನಿಮಗಿಂತ ದೊಡ್ಡದಾಗಿ.

ಕೋರ್ಟಿಗೆ ಹೋಗುತ್ತೇನೆ ಎನ್ನುತ್ತೀರಾ? ಹೋದವರ ಕಥೆ ಕೇಳಿ. ಊದುಬತ್ತಿಗೆ ‘ರಾಮಾಯಣ’ ಎಂದು ಹೆಸರಿಟ್ಟವರೊಬ್ಬರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರಲ್ಲಿ ಕೋರ್ಟು ಹೇಳಿದ್ದರ ತಾತ್ಪರ್ಯ: ಧರ್ಮಗ್ರಂಥದ ಹೆಸರನ್ನು ಒಬ್ಬ ವ್ಯಾಪಾರಿ ತನ್ನದೊಬ್ಬನದೇ ಮಾಡಿಕೊಳ್ಳುವ ಹಾಗಿಲ್ಲ. ಇನ್ನು ನಮ್ಮದೇ ನಂದಿನಿ. ಹಾಲಿನ ಮಹಾಮಂಡಳಿ ಆ ಹೆಸರನ್ನು 1985ರಿಂದ ಬಳಸುತ್ತಿದೆ. 1989ರಲ್ಲಿ ಬೆಂಗಳೂರಲ್ಲಿ ನಂದಿನಿ ಡೀಲಕ್ಸ್ ಹೋಟೆಲು ಶುರುವಾಯಿತು. ಒಂದು ಕಡೆ ಹಾಲು ಮೊಸರು, ಇನ್ನೊಂದು ಕಡೆ ಆಂಧ್ರ ಊಟದ ಖಾರ. ಹೆಸರಿನ ಜಗಳ ವರ್ಷಾನುಗಟ್ಟಲೆ ನಡೆದು, 2018ರಲ್ಲಿ ಸುಪ್ರೀಂ ಕೋರ್ಟು ಹೋಟೆಲಿನವರ ಪರ ತೀರ್ಪು ಕೊಟ್ಟಿತು. ಹಾಲು, ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದದ್ದಕ್ಕೆ ಅವರು ಆ ಹೆಸರು ಇಟ್ಟುಕೊಳ್ಳಬಹುದು. ಕೋರ್ಟು ಗಮನಿಸಿದ ಸಂಗತಿಗಳಲ್ಲಿ ಒಂದು, ನಂದಿನಿ ಎಂಬುದು ಯಾರೋ ಕೂತು ಹುಟ್ಟಿಸಿದ ಹೆಸರಲ್ಲ, ಪುರಾಣದ ದೇವಿಯ ಹೆಸರು, ಹಸುವಿನ ಹೆಸರು. ರಾಜ್ಯದ ಮೂಲೆಮೂಲೆಯಲ್ಲಿ ಬೂತು ಇಟ್ಟುಕೊಂಡ ಮಹಾಮಂಡಳಿಗೇ ಈ ಗತಿಯಾದರೆ, ಹತ್ತಡಿ ಹತ್ತಡಿ ಅಂಗಡಿಯ ಎಸ್.ಎಲ್.ವಿ. ಯಾವ ವಕೀಲರ ಕಾಲಿಗೆ ಬೀಳಬೇಕು?

ದೇವರು ಬೇಡವೆಂದರೆ ಊರು. ಮದ್ದೂರು ವಡೆ, ಗೋಕಾಕ ಕರದಂಟು, ಬೆಳಗಾವಿ ಕುಂದಾ, ದಾವಣಗೆರೆ ಬೆಣ್ಣೆ ದೋಸೆ. ಇವುಗಳಲ್ಲಿ ಒಂದೊಂದರ ಹಿಂದೆಯೂ ಎಂದೋ ಒಬ್ಬ ಪುಣ್ಯಾತ್ಮ ಬಾಣಲೆ ಮುಂದೆ ಬೆವರು ಸುರಿಸಿದ್ದಾನೆ. ಹೆಸರು ಮಾತ್ರ ಊರಿಗೆ ಹೋಯಿತು. ಧಾರವಾಡ ಪೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಆ ಮಾನ್ಯತೆ ಧಾರವಾಡದಾಚೆ ಮಾಡಿದವರನ್ನು ತಡೆಯಲು ಬರುತ್ತದೆಯೇ ಹೊರತು, ಧಾರವಾಡದಲ್ಲೇ ಪೇಡೆ ಕಾಯಿಸುವ ಹತ್ತು ಮಂದಿಯಲ್ಲಿ ನಿಮ್ಮದು ಯಾವುದೆಂದು ಹೇಳುವುದಿಲ್ಲ. ಅದಕ್ಕೇ ನೋಡಿ, ‘ಧಾರವಾಡ ಪೇಡೆ ಕೊಡಿ’ ಎಂದು ಕೇಳುವವರು ನಮ್ಮಂಥ ಹೊರಗಿನವರು ಮಾತ್ರ. ಊರವರು ತಿರುಗಿ ಕೇಳುತ್ತಾರೆ: “ಯಾವ್ದ್ ಬೇಕ್ರೀ, ಠಾಕೂರಾ, ಮಿಶ್ರಾನಾ?” ಲೈನ್ ಬಜಾರಿನ ಠಾಕೂರ್ ಮನೆತನದವರು ಉತ್ತರದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಹೆದರಿ ಬಂದವರಂತೆ, ಅವರ ಅಂಗಡಿ ಮುಂದಿನ ಸಾಲೇ ಅವರ ಜಾಹೀರಾತು. ಮಿಶ್ರಾ ಅವರದು ಬೇರೆ ದಾರಿ, ಡಬ್ಬಿ ಕಟ್ಟಿ ಊರೂರಿಗೆ ಕಳಿಸುವುದು. ಎರಡರಲ್ಲಿ ಯಾವುದು ಹೆಚ್ಚು ಎಂಬ ಪ್ರಶ್ನೆಗೆ ನಾನು ಬಾಯಿ ಹಾಕುವುದಿಲ್ಲ, ನನಗೆ ಇನ್ನೂ ಧಾರವಾಡಕ್ಕೆ ಹೋಗುವುದಿದೆ.

ಜಾಣ ಅಂದರೆ ಮೈಸೂರಿನ ಎನ್. ರಂಗರಾವ್. 1948ರಲ್ಲಿ ಊದುಬತ್ತಿ ವ್ಯಾಪಾರಕ್ಕಿಳಿದ ಮನುಷ್ಯನ ಕೈಗೆ ಎಷ್ಟು ದೇವರುಗಳು ಸಿಕ್ಕುತ್ತಿದ್ದರು ಯೋಚಿಸಿ! ಊದುಬತ್ತಿ ಹಚ್ಚುವುದೇ ಅವರ ಮುಂದೆ. ಅವರು ಮುಕ್ಕೋಟಿಯನ್ನೂ ಬಿಟ್ಟು ಸೈಕಲ್ ಹಿಡಿದರು. ಸೈಕಲ್ಲಿಗೂ ಪರಿಮಳಕ್ಕೂ ಏನಪ್ಪಾ ಸಂಬಂಧ? ಏನೂ ಇಲ್ಲ, ಅದೇ ಅದರ ಬಲ. ಓದಲು ಬಾರದವನೂ ಚಿತ್ರ ನೋಡಿ “ಆ ಸೈಕಲ್ದು ಕೊಡಿ” ಎನ್ನುತ್ತಾನೆ; ಕನ್ನಡ, ತಮಿಳು, ಹಿಂದಿ ಎಲ್ಲದರಲ್ಲೂ ಸೈಕಲ್ಲೇ. ಪಕ್ಕದವನು ಸೈಕಲ್ಲಿನ ಚಿತ್ರ ಹಾಕಿದನೋ, ‘ಇದು ಊದುಬತ್ತಿಗೆ ಸಹಜವಾದ ಹೆಸರು ಸ್ವಾಮಿ’ ಎಂದು ನುಣುಚಿಕೊಳ್ಳುವ ಹಾಗಿಲ್ಲ. ಯಾವ ಪುರಾಣದಲ್ಲಿ ಬಂದಿದೆ ಸೈಕಲ್ಲು?

ಹಾಗಾದರೆ ಎಂ.ಟಿ.ಆರ್. ಕಥೆ ಏನು, ಅದೂ ಮೂರಕ್ಷರವೇ, ಅದರಲ್ಲೂ ಮಾವಳ್ಳಿ ಎಂಬ ಊರ ಹೆಸರೇ ಇದೆಯಲ್ಲ ಎಂದು ನೀವು ಹುಬ್ಬು ಹಾರಿಸಬಹುದು. ಒಪ್ಪಿದೆ. 1924ರಲ್ಲಿ ಪಾರಂಪಳ್ಳಿಯ ಮಯ್ಯರು ಶುರುಮಾಡಿದಾಗ ಅದು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲಕ್ಕೆ ಅಂಥ ಹೆಸರು ಹತ್ತಾರು. ಮಾವಳ್ಳಿ ಟಿಫಿನ್ ರೂಮ್ಸ್ ಆಗಿದ್ದು ಆಮೇಲೆ. ಆ ಹೆಸರಿಗೆ ಮೈ ತುಂಬಿದ್ದು ಅಡುಗೆಮನೆಯಿಂದ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿ ಕಟ್ಟಿಹಾಕಿದಾಗ, ರುಚಿ ಇಳಿಸಲಾರೆವು ಎಂದು ಹೋಟೆಲಿನ ಬಾಗಿಲು ಹಾಕಿ, ಪೊಟ್ಟಣದಲ್ಲಿ ಪುಡಿ, ಮಿಕ್ಸ್ ಮಾರತೊಡಗಿದರು. ಜನ ಕೊಂಡರು. ಆ ರವೆ ಇಡ್ಲಿ ಮಿಕ್ಸನ್ನು ಬೇರೆ ಯಾರಾದರೂ ತಂದಿದ್ದರೆ ‘ಇದೇನು ಹಿಟ್ಟೋ’ ಎಂದು ಮೂಸಿ ಇಡುತ್ತಿದ್ದರು. 2007ರಲ್ಲಿ ಆ ಪೊಟ್ಟಣದ ವ್ಯಾಪಾರವನ್ನು ನಾರ್ವೆ ದೇಶದ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಅಷ್ಟರಲ್ಲಿ ಮತ್ತೆ ಬಾಗಿಲು ತೆರೆದಿದ್ದ ಹೋಟೆಲು ಮನೆಯವರ ಬಳಿಯೇ ಉಳಿಯಿತು. ರವೆ, ಉದ್ದಿನಬೇಳೆ ನಾರ್ವೆಯವರಿಗೂ ಪೇಟೆಯಲ್ಲಿ ಸಿಗುತ್ತಿತ್ತು. ದುಡ್ಡು ಸುರಿದದ್ದು ಆ ಮೂರಕ್ಷರಕ್ಕೆ.

ನಮ್ಮ ಬಡಾವಣೆಯಲ್ಲಿ ಒಬ್ಬ ಹೆಂಗಸು ಚಕ್ಕುಲಿ ಮಾಡುತ್ತಾರೆ. ಮುಳ್ಳು ಮುರಿಯದೆ, ಎಣ್ಣೆ ಜಿನುಗದೆ, ಬಾಯಲ್ಲಿಟ್ಟರೆ ಬೆಣ್ಣೆ ಮೊದಲು, ಎಳ್ಳು ಆಮೇಲೆ. ಬರಿಯ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಗೆ ಮೇಣದಬತ್ತಿಯ ಬಿಸಿ ತಾಗಿಸಿ ಅಂಟಿಸಿ, ಬುಟ್ಟಿಯಲ್ಲಿಟ್ಟು ಕಾಂಡಿಮೆಂಟ್ಸ್ ಅಂಗಡಿಗೆ ಕೊಟ್ಟು ಬರುತ್ತಾರೆ. ಅಲ್ಲಿ ಅದಕ್ಕೆ ಅಂಗಡಿಯ ಸ್ಟಿಕ್ಕರ್ ಬೀಳುತ್ತದೆ. ಜನ ಹೊಗಳುವುದು ಅಂಗಡಿಯನ್ನು. ಕಳೆದ ಗೌರಿ ಹಬ್ಬದ ಹೊತ್ತಿಗೆ ಕಿಲೋಗೆ ಇಪ್ಪತ್ತು ರೂಪಾಯಿ ಕಡಿಮೆಗೆ ಕೊಡುವ ಇನ್ನೊಬ್ಬರು ಸಿಕ್ಕರು, ಅಂಗಡಿಯವರು ಇವರಿಗೆ ಕೈಮುಗಿದರು. ಗಿರಾಕಿಗಳು “ಈ ಸಲ ಯಾಕೋ ಗಟ್ಟಿ” ಎಂದು ಗೊಣಗಿದರೇ ಹೊರತು, ಹಳೆಯ ಕೈ ಯಾರದೆಂದು ಹುಡುಕಿಕೊಂಡು ಬರಲಿಲ್ಲ. ಹೇಗೆ ಬರುತ್ತಾರೆ? ಕವರಿನ ಮೇಲೆ ವಿಳಾಸ ಇದ್ದದ್ದು ಅಂಗಡಿಯದು. ಎಣ್ಣೆಯ ಬೆಲೆ ಏರಿದಾಗ ನಾಲ್ಕು ರೂಪಾಯಿ ಹೆಚ್ಚು ಕೇಳುವ ಬಾಯಿಯೂ ಹೆಸರಿಲ್ಲದವರಿಗೆ ಇರುವುದಿಲ್ಲ.

ಈಗ ಅವರು ಎದ್ದು ಕೂತಿದ್ದಾರೆ. ಸಣ್ಣ ಉದ್ದಿಮೆಯವರಿಗೆ ಟ್ರೇಡ್‌ಮಾರ್ಕ್ ಅರ್ಜಿಯ ಶುಲ್ಕ ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ; ಇರುವ 45 ವರ್ಗಗಳಲ್ಲಿ ಕುರುಕಲು ತಿಂಡಿ ಬರುವುದು 30ರಲ್ಲಿ; ಸಿಕ್ಕಿದರೆ ಹತ್ತು ವರ್ಷ, ಆಮೇಲೆ ನವೀಕರಣ. ಇವನ್ನೆಲ್ಲ ನನಗೇ ಪಾಠ ಹೇಳಿದರು. ಅವರ ಮಗ ಆಗಲೇ ವೃತ್ತದೊಳಗಿನ ‘ಆರ್’ ಗುರುತನ್ನು ಹಣೆಬೊಟ್ಟಿನ ಹಾಗೆ ಲೇಬಲ್ಲಿಗೆ ಇಟ್ಟಿದ್ದ. ನೋಂದಣಿಯಾಗುವ ಮೊದಲೇ ಅದನ್ನು ಹಾಕಿಕೊಂಡರೆ ದಂಡ ಬೀಳಬಹುದು, ಸದ್ಯಕ್ಕೆ ‘ಟಿ.ಎಂ.’ ಸಾಕು ಎಂದು ಗೊತ್ತಾದ ಮೇಲೆ ಅಳಿಸಿದ. ಅವನು ಒಬ್ಬ ಬ್ರ್ಯಾಂಡಿಂಗ್ ಸಲಹೆಗಾರನನ್ನೂ ಕರೆತಂದಿದ್ದನಂತೆ. ಬಂದವನು “ಆಂಟಿ, ನಿಮ್ಮ ಬ್ರ್ಯಾಂಡ್ ಸ್ಟೋರಿ ಏನು?” ಎಂದನಂತೆ. ಇವರು “ಎಣ್ಣೆ ಕಾದಿದೆ, ಪಕ್ಕಕ್ಕೆ ಸರಿ” ಎಂದರಂತೆ.

ಹೆಸರು ಅವರೇ ಆರಿಸಿದ್ದಾರೆ: ಛತ್ರಿ ಚಕ್ಕುಲಿ. ಗಂಡನಿಗೆ ಕಸಿವಿಸಿ. “ಛತ್ರಿ ಅಂದರೆ ಜನ ನಮ್ಮನ್ನು ಏನಂದುಕೊಳ್ಳುತ್ತಾರೆ!” “ಏನಾದರೂ ಅಂದುಕೊಳ್ಳಲಿ, ಒಂದು ಸಲ ಕೇಳಿದರೆ ಮರೀತಾರಾ?” ಅಲ್ಲಿಗೆ ಅವರ ವಾದ ಮುಗಿಯಿತು. ಈಗ ಆ ಮನೆಯಲ್ಲಿ ಉಳಿದಿರುವ ಜಗಳ, ಲೇಬಲ್ಲಿನ ಮೇಲೆ ಛತ್ರಿ ಬಿಚ್ಚಿರಬೇಕೋ ಮಡಿಸಿರಬೇಕೋ ಎಂಬುದು.