ಕಪ್ಪು ಟ್ಯಾಂಕಿನ ಉಪಕಾರ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಬೇಸಿಗೆ ರಜೆಯಲ್ಲಿ ಮೋಟರ್‌ಹೋಮ್, ಅಂದರೆ ಒಲೆ, ಹಾಸಿಗೆ, ಪಾಯಖಾನೆ ಸಮೇತದ ಮನೆಗಾಡಿ, ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್ ಸುತ್ತಿ ಬಂತೆನ್ನಿ. ಕನ್ನಡ ಕೂಟದ ಗಣೇಶನ ಹಬ್ಬದ ಊಟದಲ್ಲಿ ಅವರು ಏನು ಹೇಳುತ್ತಾರೆ, ಕಿವಿಗೊಟ್ಟು ಕೇಳಿ. ಆಕಾಶಕ್ಕೆ ಚಿಮ್ಮುವ ಬಿಸಿನೀರಿನ ಬುಗ್ಗೆ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: 'ಚೆನ್ನಾಗಿತ್ತು.' ತಲೆಗೆ ಸೋಪು ಹಚ್ಚಿದ ಹೊತ್ತಿಗೆ ನೀರು ನಿಂತದ್ದು, ಮೊದಲನೇ ತಿರುವಿನಲ್ಲೇ ಕಪಾಟಿನ ಬಾಗಿಲು ತೆರೆದುಕೊಂಡು ಮಾವಿನಕಾಯಿ ಉಪ್ಪಿನಕಾಯಿ ಅಜ್ಜಿಯ ಮಡಿಲಿಗೆ ಬಂದು ಕೂತದ್ದು, ಒಗ್ಗರಣೆಯ ಹೊಗೆಗೆ ಅಲಾರಂ ಕೂಗಿಕೊಂಡು ಪಕ್ಕದ ಗಾಡಿಯವರೆಲ್ಲ ಎದ್ದು ಬಂದದ್ದು, ಇವನ್ನೆಲ್ಲ ಹೇಳಲು ಮಾತ್ರ ಪಾಯಸ ಬರುವವರೆಗೂ ಹೊತ್ತು ಸಾಲದು. ಇದರಿಂದ ನಾನು ತೆಗೆಯುವ ತೀರ್ಮಾನ ಇಷ್ಟೆ: ಮೋಟರ್‌ಹೋಮ್ ಪ್ರವಾಸದಲ್ಲಿ ನೋಟ ಬರೀ ನೆಪ, ಅವಾಂತರವೇ ಫಲ. ಕೊಟ್ಟ ದುಡ್ಡಿಗೆ ಸಿಗುವ ನಿಜವಾದ ಸಾಮಾನೆಂದರೆ ದಿನವೂ ನಮ್ಮ ಕೆಲಸ ಮಾಡಿಕೊಡುವ, ನಾವು ಮುಖ ನೋಡದ ಮಂದಿಯ ನೆನಪು. ನಡೆಯುತ್ತಿದ್ದುದು ನಿಲ್ಲುವವರೆಗೆ ಈ ನೆನಪು ಯಾರಿಗೂ ಬರುವುದಿಲ್ಲ.

ಇದಕ್ಕೆ ಸಾಕ್ಷಿ ಹುಡುಕಿಕೊಂಡು ಅಮೆರಿಕಕ್ಕೇ ಹೋಗಬೇಕಿಲ್ಲ. ಡಿಸೆಂಬರಿನಲ್ಲಿ ಊರಿಗೆ ಬರುವ ಹೊರನಾಡಿನವರು ಹಂಪಿ ಮುಗಿಸಿ ಹೊಳೆ ದಾಟಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಕೆರೆಗೂ ಬರುತ್ತಾರೆ. ಬಂಡೆಗಳ ನಡುವಿನ ನೀಲಿ ನೀರು ಕಂಡು ಪ್ರಕೃತಿಯನ್ನು ಹೊಗಳುತ್ತಾರೆ. ಆ ನೀರು ತುಂಗಭದ್ರೆಯ ಎಡದಂಡೆ ಕಾಲುವೆಯದು. ಅದರ ಹಿಂದೆ ಒಂದು ಅಣೆಕಟ್ಟು, ಗೇಟು, ಚೈನು, ಗ್ರೀಸು ಹಚ್ಚುವ ನೌಕರ ಇದ್ದಾರೆ. ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ ಎಂಬುದು ಇಲ್ಲಿಯ ಎಷ್ಟೋ ಜನರಿಗೆ ಗೊತ್ತಾದದ್ದೇ 2024ರ ಆಗಸ್ಟ್ 10ರ ರಾತ್ರಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದ ಮೇಲೆ. ಎಪ್ಪತ್ತು ವರ್ಷ ಆ ಗೇಟಿಗೆ ಯಾರೂ ಕೈ ಮುಗಿದವರಲ್ಲ. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ವಾರದೊಪ್ಪತ್ತಿನಲ್ಲಿ ನೀರು ತಡೆದಾಗ, ನಾಟಿ ಮಾಡಿ ಕೂತಿದ್ದ ರೈತರ ಬಾಯಲ್ಲಿ ದೇವರ ಹೆಸರಿನ ಜೊತೆಗೆ ಒಬ್ಬ ಇಂಜಿನಿಯರನ ಹೆಸರೂ ಬಂತು. ಗೇಟು ಗಟ್ಟಿಯಾಗಿದ್ದಿದ್ದರೆ ಬರುತ್ತಿರಲಿಲ್ಲ.

ಅಣೆಕಟ್ಟು ಎಪ್ಪತ್ತು ವರ್ಷಕ್ಕೊಮ್ಮೆ ಮಾಡುವ ಈ ಉಪಕಾರವನ್ನು ಮೋಟರ್‌ಹೋಮ್ ದಿನಕ್ಕೆ ಮೂರು ಸಲ ಮಾಡುತ್ತದೆ. ಮಧ್ಯಮ ಅಳತೆಯ ಬಾಡಿಗೆ ಗಾಡಿಯಲ್ಲಿ 150 ಲೀಟರ್ ಆಸುಪಾಸು ನೀರು ಹಿಡಿಯುತ್ತದೆ. ಬಿಸಿನೀರಿನ ಹಂಡೆ ಸಾಮಾನ್ಯವಾಗಿ 6 ಗ್ಯಾಲನ್ನಿನದು, ಅಂದರೆ ಸುಮಾರು 23 ಲೀಟರ್. ಒಂದೂವರೆ ಬಕೆಟ್ ಬಿಸಿನೀರಿನಲ್ಲಿ ಅತ್ತೆ, ಮಾವ, ಗಂಡ, ಹೆಂಡತಿ, ಇಬ್ಬರು ಮಕ್ಕಳು ಮಿಂದು ಮಡಿಯಾಗಬೇಕು. ಇನ್ನು ಕರೆಂಟು. ಬೀಡುಬಿಟ್ಟ ಕಡೆ ಸಿಗುವ ಸಾಧಾರಣ ಸಂಪರ್ಕ 30 ಆಂಪಿಯರಿನದು. 120 ವೋಲ್ಟಿಗೆ ಲೆಕ್ಕ ಹಾಕಿದರೆ 3,600 ವ್ಯಾಟ್. ಮಾವನವರಿಗೆ ಸೆಕೆ ಎಂದು ಏಸಿ ಹಾಕಿದರೆ 1,500 ಹೋಯಿತು. ಮಗ ಮೈಕ್ರೋವೇವಿನಲ್ಲಿ ಹಾಲು ಬಿಸಿಗಿಟ್ಟರೆ ಇನ್ನೊಂದು 1,500. ಅನ್ನಕ್ಕೆಂದು ಎಲೆಕ್ಟ್ರಿಕ್ ಕುಕ್ಕರಿನ ಗುಂಡಿ ಒತ್ತಿದ ಕ್ಷಣವೇ ಕತ್ತಲೆ. ಆ ಕತ್ತಲೆಯಲ್ಲಿ ಕೂತ ಸಾಫ್ಟ್‌ವೇರ್ ಇಂಜಿನಿಯರಿಗೆ ಒಂದು ಸತ್ಯ ಹೊಳೆಯುತ್ತದೆ: ಅನ್ನ ಬೇಯಲು ಅಕ್ಕಿಯೊಂದಿದ್ದರೆ ಸಾಲದು, ಬೇರೆ ಯಾರೋ ಏಸಿ ಆರಿಸಬೇಕು. ಗಂಗಾವತಿಯ ಮನೆಗಳಲ್ಲಿ ಇದು ಪಾಠವೇ ಅಲ್ಲ. ಅಲ್ಲಿ ಲೈನ್‌ಮನ್ನಿನ ನಂಬರು ಬಾಗಿಲ ಹಿಂದೆ ಸುಣ್ಣದ ಗೋಡೆಯ ಮೇಲೇ ಇರುತ್ತದೆ, ಹಬ್ಬಕ್ಕೆ ಅವನಿಗೆ ಹೋಳಿಗೆಯೂ ಹೋಗುತ್ತದೆ. ಕರೆಂಟು ಹೋಗದ ದೇಶದಲ್ಲಿ ಲೈನ್‌ಮನ್ನಿಗೆ ಹೋಳಿಗೆ ಕೊಡುವವರಾರು?

ಗಾಡಿಯ ಎತ್ತರ, ಉದ್ದದ ಸಂಗತಿ ಬೇರೆಯೇ ಒಂದು ಪರ್ವ. ನಾರ್ತ್ ಕರೊಲಿನಾದ ಡರ್ಹಾಮ್ ಊರಿನಲ್ಲಿ 11 ಅಡಿ 8 ಅಂಗುಲದ ಒಂದು ರೈಲ್ವೆ ಸೇತುವೆಯಿತ್ತು. ಬಾಡಿಗೆ ಲಾರಿ, ಮೋಟರ್‌ಹೋಮುಗಳ ತಲೆ ಸುಲಿದೇ ಅದು ಲೋಕಪ್ರಸಿದ್ಧವಾಯಿತು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದರು. ಆಮೇಲೂ ತಲೆ ಒಡೆಸಿಕೊಳ್ಳುವವರು ನಿಲ್ಲಲಿಲ್ಲ. ಮೊಂಟಾನಾದ ಗ್ಲೇಷಿಯರ್ ಉದ್ಯಾನದ ಬೆಟ್ಟದ ರಸ್ತೆಯಲ್ಲಿ 21 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶವಿಲ್ಲ. ನಮ್ಮವರು ಹಿಡಿದುಕೊಂಡು ಹೋಗುವುದು 25 ಅಡಿಯದು, 'ಹೆಚ್ಚಿಗೆ ಇದ್ದರೆ ಒಳ್ಳೆಯದೇ' ಎಂಬ ತತ್ವದ ಮೇಲೆ. ಆಗ ಬಂದ ದಾರಿಗೇ ಸುಂಕವಿಲ್ಲವೆಂದು ಹಿಂದಕ್ಕೆ ತಿರುಗಿಸಬೇಕು. ಹಿಂದಕ್ಕೆ ತಿರುಗಿಸುವ ಶಾಸ್ತ್ರದಲ್ಲಿ ಸಾಣಾಪುರದ ಹರಿಗೋಲೇ ಮೇಲು. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಹೊಳೆ ದಾಟಿಸುವ, ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ವರ್ಣಿಸಿದ್ದಾನೆ; ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ ಕೂರುತ್ತಿದ್ದರಂತೆ. ಇವತ್ತು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಹುಟ್ಟು ಹಾಕುವವನು ಕಣ್ಣೆದುರೇ ಕೂತಿರುತ್ತಾನೆ. ದಡ ಮುಟ್ಟಿದಾಗ ಯಾರನ್ನು ನೆನೆಯಬೇಕೆಂಬ ಗೊಂದಲ ಅಲ್ಲಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಗಾಡಿಯ ಹೊಟ್ಟೆಯಲ್ಲಿದೆ. ಪಾತ್ರೆ ತೊಳೆದ, ಮಿಂದ ನೀರಿಗೆ ಬೂದು ಟ್ಯಾಂಕು. ಪಾಯಖಾನೆಯದಕ್ಕೆ ಕಪ್ಪು ಟ್ಯಾಂಕು. ಎರಡು ಮೂರು ದಿನಕ್ಕೊಮ್ಮೆ ನಿಗದಿಯಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಕೈಗವಸು ತೊಟ್ಟು, ಮೂರಂಗುಲದ ಮಡಿಕೆ ಪೈಪನ್ನು ತಿರುಪಿ ಕೂರಿಸಿ, ಹಿಡಿಕೆ ಎಳೆಯಬೇಕು. ಪೈಪಿನ ಕಚ್ಚು ಸರಿಯಾಗಿ ಕೂರದಿದ್ದರೆ ಏನಾಗುತ್ತದೆಂದು ಊಟದ ಪಂಕ್ತಿಯಲ್ಲಿ ಹೇಳುವಾಗ ಮಾತ್ರ ಕಥೆಗಾರರು ದನಿ ತಗ್ಗಿಸುತ್ತಾರೆ. ಹಾಗೆ ಎಳೆಯುವವರು ಯಾರು? ಎರಡು ಪದವಿ, ಒಂದು ಗ್ರೀನ್‌ಕಾರ್ಡ್ ಇದ್ದವರು. ಊರಿನಲ್ಲಿ ಹಿತ್ತಲ ಬಾಗಿಲಿನಿಂದ ಬಂದು ಹೋಗುತ್ತಿದ್ದವರ ಹೆಸರು ಕೇಳದೆ ಬೆಳೆದವರು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರಿಸುವುದಕ್ಕೆ ತಡೆ ಹಾಕಲು 1970ರ ದಶಕದಲ್ಲಿ, ದೇವರಾಜ ಅರಸು ಸರಕಾರದಲ್ಲಿ, ಬಿ. ಬಸವಲಿಂಗಪ್ಪನವರಂಥ ಸಚಿವರು ಬೇಕಾಯಿತು. ಕೇಂದ್ರದ ಕಾಯಿದೆ 1993ರಲ್ಲಿ ಬಂತು, ಅದು ಸಾಲದೆ 2013ರಲ್ಲಿ ಇನ್ನೊಂದು. ಇಷ್ಟು ಕಾಯಿದೆಗಳು ಮನಸ್ಸಿಗೆ ತಟ್ಟಿಸದ್ದನ್ನು ಆ ಹಿಡಿಕೆ ಐದು ನಿಮಿಷದಲ್ಲಿ ಮೂಗಿಗೆ ತಟ್ಟಿಸುತ್ತದೆ. ಪೌರಕಾರ್ಮಿಕರ ಮುಷ್ಕರದ ಸುದ್ದಿ ಓದಿ 'ಇವರದು ಯಾವಾಗಲೂ ಇದೇ' ಎನ್ನುತ್ತಿದ್ದವರು ಆಮೇಲೆ ಸ್ವಲ್ಪ ತಡೆದು ಮಾತಾಡಿದರೆ ಅದು ಸಣ್ಣ ಲಾಭವಲ್ಲ.

ಸಾಣಾಪುರದ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳಬಹುದು: 'ಅಷ್ಟು ರೊಕ್ಕ ಸುರುವಿ ಪಾಯಖಾನಿ ತೊಳ್ಯಾಕ ಅಲ್ಲಿಗಂಟ ಹೋಗಬೇಕಿತ್ತೇನ್ರಿ?' ನ್ಯಾಯವಾದ ಪ್ರಶ್ನೆ. ಹೋಟೆಲು ಸೋವಿ ಬೀಳುತ್ತಿತ್ತು, ಹಾಸಿಗೆ ಅಗಲ ಇರುತ್ತಿತ್ತು. ಆದರೆ ಹೋಟೆಲಿನ ಗುಣವೇ ಕೆಲಸ ಮಾಡಿದವರನ್ನು ಮರೆಮಾಡುವುದು. ನೀವು ತಿಂಡಿಗೆ ಹೋದಾಗ ಹಾಸಿಗೆ ಸರಿಯಾಗಿರುತ್ತದೆ, ಸರಿಮಾಡಿದವರು ಕಾಣುವುದಿಲ್ಲ. ಇದಕ್ಕಿಂತ ಮೊನಚಾದ ಆಕ್ಷೇಪ ಮನೆಯೊಳಗಿನದು: ಗಂಡಸಿಗೆ ರಜೆ, ಹೆಂಗಸಿಗೆ ಒಲೆಯ ಸಮೇತ ಮೆರವಣಿಗೆ. ಇದನ್ನು ನಾನು ಮುಕ್ಕಾಲುಪಾಲು ಒಪ್ಪುತ್ತೇನೆ. ಅವಲಕ್ಕಿ, ಗೊಜ್ಜು, ಚಟ್ನಿಪುಡಿ ಕಟ್ಟಿಕೊಂಡು ಹೊರಡುವ ನಮ್ಮ ಮೋಟರ್‌ಹೋಮುಗಳಲ್ಲಿ ಒಲೆಯ ಮುಂದೆ ನಿಲ್ಲುವವರು ಯಾರೆಂದು ಸಮೀಕ್ಷೆ ಬೇಕಿಲ್ಲ. ಆದರೂ 25 ಅಡಿಯ ಮನೆಯಲ್ಲಿ ಅಡಿಗೆಮನೆಗೆ ಗೋಡೆಯಿಲ್ಲ. ಚಾಲಕನೇ ನೀರು ತುಂಬಬೇಕಾದ್ದರಿಂದ ಒಂದು ತಪ್ಪೇಲಿ ಎಷ್ಟು ಸಲ ತೊಳೆಯಲ್ಪಡುತ್ತದೆ ಎಂಬ ಲೆಕ್ಕ ಅವನಿಗೆ ಮೊದಲ ಸಲ ಸಿಗುತ್ತದೆ. ಅಷ್ಟಕ್ಕೇ ಸೌಟು ಕೈ ಬದಲಿಸುತ್ತದೆಂದು ನಾನು ಹೇಳಲಾರೆ.

ಮೂರನೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಬರುತ್ತದೆ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ, ಗೋವೆಗೆ ಗುಳೆ ಹೋಗುವ ಕುಟುಂಬಗಳಿವೆ. ಹೋದಲ್ಲೇ ಒಲೆ, ಹೋದಲ್ಲೇ ಹಾಸಿಗೆ, ದಿನವೂ ಅವಾಂತರ. ಅವಾಂತರದಿಂದಲೇ ಕೃತಜ್ಞತೆ ಹುಟ್ಟುವುದಾದರೆ ಅವರಷ್ಟು ಕೃತಜ್ಞರು ಯಾರೂ ಇರಬಾರದಿತ್ತು. ಹಾಗೆಂದು ಅವರಿಗೆ ಹೇಳಿ ನೋಡಿ, ಬೈಸಿಕೊಂಡು ಬರುತ್ತೀರಿ. ಆದ್ದರಿಂದ ವಾದವನ್ನು ಇಷ್ಟಕ್ಕೆ ಕಟ್ಟಿಹಾಕಬೇಕು: ಮರಳುವ ತಾರೀಖು, ವಿಮೆ, ಬೀಗ ಹಾಕಿಟ್ಟು ಬಂದ ಮನೆ, ಈ ಮೂರೂ ಇದ್ದವರ ಅವಾಂತರ ಮಾತ್ರ ನಗೆಯಾಗುತ್ತದೆ, ನಗೆ ನೆನಪಾಗುತ್ತದೆ. ಉಳಿದವರಿಗೆ ಅದು ಬದುಕು. ಮೋಟರ್‌ಹೋಮಿನವರು ಈ ಭೇದ ಅರಿತರೆ ತಮ್ಮ ಪ್ರವಾಸವನ್ನು 'ಸಾಹಸ' ಎಂದು ಕರೆಯಲು ಕೊಂಚ ನಾಚುತ್ತಾರೆ. ನಾಚಲಿ.

ಮಾತು ಮಾತಿಗೂ ಥ್ಯಾಂಕ್ಯೂ ಹೇಳುವ ದೇಶದಲ್ಲಿ ಕೃತಜ್ಞತೆಗೆ ಬರವೇ ಎಂದು ಕೇಳುವವರೂ ಉಂಟು. ಕಾಫಿ ಕೊಟ್ಟವರಿಗೆ ಹೇಳುವುದು ಶಿಷ್ಟಾಚಾರ, ಒಳ್ಳೆಯದೇ. ಕತ್ತಲಾದ ಮೇಲೆ ಗಾಡಿಯನ್ನು ಎರಡು ಮರಗಳ ನಡುವೆ ಹಿಮ್ಮುಖವಾಗಿ ತೂರಿಸಲಾಗದೆ ಬೆವರುತ್ತಿರುವಾಗ, ಪಕ್ಕದ ಗಾಡಿಯಿಂದ ನಿವೃತ್ತ ಅಜ್ಜನೊಬ್ಬ ಟಾರ್ಚು ಹಿಡಿದು ಇಳಿದು 'ಎಡಕ್ಕೆ, ಇನ್ನೂ ಎಡಕ್ಕೆ' ಎಂದು ದಾರಿ ತೋರಿಸಿದಾಗ ಬರುವುದು ಬೇರೆ. ವಾರದ ಕೊನೆಗಳನ್ನು ಕನ್ನಡ ಕೂಟದ ಒಳಗೇ ಕಳೆಯುವ ಕುಟುಂಬ ಅಮೆರಿಕದ ನೆರೆಯವನ ಜೊತೆ ಅರ್ಧ ಗಂಟೆ ನಿಂತು ಮಾತಾಡುವುದು ಎಷ್ಟೋ ಸಲ ಅದೇ ಮೊದಲು. ಮಾರನೆಯ ಬೆಳಿಗ್ಗೆ ಅಜ್ಜನಿಗೆ ಉಪ್ಪಿಟ್ಟು ಹೋಗುತ್ತದೆ. ಖಾಲಿ ತಟ್ಟೆ ಮರಳಿಸಬಾರದು ಎಂಬ ನಮ್ಮ ರೂಢಿ ಗೊತ್ತಿಲ್ಲದೆಯೂ ಅವನು ಬೆಂಕಿಗೆ ನಾಲ್ಕು ಸೌದೆ ತಂದುಹಾಕುತ್ತಾನೆ.

ಮುಂದಿನ ಬೇಸಿಗೆಗೆ ಹೊರಡುವವರಿಗೆ ಒಂದೆರಡು ಮಾತು. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗಿನ ಎದುರು ಅಂಟಿಸಿ. ಒಗ್ಗರಣೆ ಹಾಕುವ ಮೊದಲು ಕಿಟಕಿ ತೆರೆಯಿರಿ. ಟ್ಯಾಂಕು ಖಾಲಿ ಮಾಡುವಾಗ ಕಪ್ಪು ಮೊದಲು, ಬೂದು ಆಮೇಲೆ. ಹಿಂದಿನಿಂದ ಬರುವ ಸೋಪುನೀರು ಪೈಪನ್ನು ತೊಳೆದುಕೊಡುತ್ತದೆ. ಕೈಗವಸು ಎರಡು ಜೊತೆ ಇರಲಿ.