ಕೊನೆಯ ಸ್ಥಾನದ ಅಳಿಯನ ಪರವಾಗಿ

ಅಮೆರಿಕದ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ನಾಟಕಕ್ಕೆ ರಿಹರ್ಸಲ್ ಜೋರಾಗುವ ಹೊತ್ತಿಗೆ ಮನೆಮನೆಗಳಲ್ಲಿ ಇನ್ನೊಂದು ನಾಟಕ ಇಂಟರ್ವಲ್ ತಲುಪಿರುತ್ತದೆ. ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಸೀಸನ್ನಿನ 18 ವಾರಗಳಲ್ಲಿ ಎಂಟು ಮುಗಿದು, ಕುಟುಂಬದ ಫ್ಯಾಂಟಸಿ ಫುಟ್‌ಬಾಲ್ ಲೀಗಿನ ಪಟ್ಟಿ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಆರು ಗೆದ್ದು ಎರಡು ಸೋತ ನಾದಿನಿ ಮೇಲೆ. ಎರಡು ಗೆದ್ದು ಆರು ಸೋತ ಅಳಿಯ ತಳದಲ್ಲಿ. ನಮ್ಮವರು ಯಾವ ಪಟ್ಟಿಯನ್ನಾದರೂ ಅರ್ಧವಾರ್ಷಿಕ ಪರೀಕ್ಷೆಯ ಮಾರ್ಕ್ಸ್ ಕಾರ್ಡಿನಂತೆಯೇ ಓದುತ್ತಾರೆ: ಮೇಲಿದ್ದವರಿಗೆ ಬುದ್ಧಿಯಿದೆ, ಕೆಳಗಿದ್ದವರಿಗೆ ಗಮನವಿಲ್ಲ. ಮಾವನವರಿಗಂತೂ ಎಂಬಿಎ ಮಾಡಿದ ಅಳಿಯನ ಬಗ್ಗೆ ಮೊದಲಿಂದ ಇದ್ದ ಅನುಮಾನಕ್ಕೆ ಅಂಕಿಅಂಶ ಸಿಕ್ಕಂತಾಗುತ್ತದೆ. ಇದು ಅನ್ಯಾಯ ಎನ್ನುವುದೇ ನನ್ನ ವಾದ. ಅರ್ಧ ಸೀಸನ್ನಿನಲ್ಲಿ "ನನ್ನ ಟೈಮ್ ಸರಿಯಿಲ್ಲ" ಎನ್ನುವ ಅಳಿಯ ಹೇಳುವುದು ಬಹುಪಾಲು ನಿಜ. "ನಾನು ಸ್ಟಡಿ ಮಾಡಿ ಆಡ್ತೀನಿ" ಎನ್ನುವ ನಾದಿನಿ ಹೇಳುವುದರಲ್ಲಿ ಅರ್ಧ ಮಾತ್ರ ನಿಜ.

ಊರಿನಲ್ಲಿರುವವರಿಗೆ ಆಟದ ಪರಿಚಯ ಇಷ್ಟು. ಇದು ಒದೆಯುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಫುಟ್‌ಬಾಲ್. ಅದನ್ನು ಕಾಗದದ ಮೇಲೆ ಆಡುವ ಉಪಾಯವನ್ನು 1962ರಲ್ಲಿ ಓಕ್‌ಲೆಂಡ್ ರೇಡರ್ಸ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೂತು ಹೊಸೆದರು. ಡ್ರೀಮ್ ಇಲೆವೆನ್ ಬಲ್ಲವರಿಗೆ ಒಂದೇ ದೊಡ್ಡ ವ್ಯತ್ಯಾಸ: ಇಲ್ಲಿ ಸೀಸನ್ನಿಗೆ ಮುಂಚೆ ಸುತ್ತು ಸುತ್ತಾಗಿ ಆರಿಸಿಕೊಂಡ ಒಬ್ಬ ಆಟಗಾರ ಇಡೀ ಲೀಗಿನಲ್ಲಿ ಒಬ್ಬರ ಸ್ವತ್ತು. ಅವನು ಚೆಂಡು ಹಿಡಿದು ಗೆರೆ ದಾಟಿದರೆ ಆರು ಅಂಕ, ಹತ್ತು ಗಜ ಓಡಿದರೆ ಒಂದು. ಪ್ರತಿ ವಾರ ಒಬ್ಬೊಬ್ಬರಿಗೆ ಒಬ್ಬೊಬ್ಬ ಎದುರಾಳಿ, ಮತ್ತು ಎಡವಟ್ಟು ಇರುವುದು ಇಲ್ಲೇ. ಅಳಿಯ 140 ಅಂಕ ಗಳಿಸಿ ಹತ್ತು ಜನರಲ್ಲಿ ಎರಡನೆಯವನಾದರೂ ಆ ವಾರದ ಎದುರಾಳಿ 141 ಗಳಿಸಿದರೆ ಸೋಲು ಸೋಲೇ. ಅದೇ ವಾರ ನಾದಿನಿ ಕೇವಲ 82 ಗಳಿಸಿ, ಆ ವಾರ ತಂಡಕ್ಕೆ ಪಂದ್ಯವಿಲ್ಲದೆ ರಜೆಯಲ್ಲಿದ್ದ ಆಟಗಾರನನ್ನು ತೆಗೆಯಲು ಮರೆತ ಚಿಕ್ಕಪ್ಪನ ಎದುರು ಗೆದ್ದುಬಿಡಬಹುದು. ಪಟ್ಟಿ ಇಬ್ಬರಲ್ಲಿ ಜಾಣೆ ಎನ್ನುವುದು ಅವಳನ್ನೇ.

ಲೆಕ್ಕವನ್ನೇ ನಂಬುವವರು ಲೆಕ್ಕವನ್ನೇ ನೋಡಲಿ. ಹತ್ತೂ ಜನ ಸಮಾನ ಜಾಣರು, ಪ್ರತಿ ಪಂದ್ಯವೂ ಬರೀ ಟಾಸ್ ಎಂದುಕೊಳ್ಳೋಣ. ಎಂಟು ಪಂದ್ಯಗಳ ಸೋಲುಗೆಲುವು 256 ರೀತಿಯಲ್ಲಿ ಬರಬಹುದು. ಅವುಗಳಲ್ಲಿ 37 ರೀತಿಗಳಲ್ಲಿ ಆರೋ ಹೆಚ್ಚೋ ಗೆಲುವುಗಳಿರುತ್ತವೆ. ಅಂದರೆ ಹತ್ತು ತಂಡಗಳಲ್ಲಿ ಒಂದೋ ಎರಡೋ ನಾಣ್ಯದ ದಯೆಯಿಂದಲೇ ಮೇಲೇರುತ್ತವೆ, ಅಷ್ಟೇ ತಂಡಗಳು ಅದೇ ನಾಣ್ಯದ ಮುನಿಸಿನಿಂದ ತಳ ಸೇರುತ್ತವೆ. ಇದರ ಮೇಲೆ ಮೂಳೆ, ಸ್ನಾಯುಗಳ ಕಾಟ ಬೇರೆ. 2023ರ ಸೆಪ್ಟೆಂಬರ್ 11ರ ರಾತ್ರಿ ಆರನ್ ರಾಜರ್ಸ್ ನ್ಯೂಯಾರ್ಕ್ ಜೆಟ್ಸ್ ಪರ ನಾಲ್ಕೇ ಸ್ನ್ಯಾಪ್, ಅಂದರೆ ಚೆಂಡು ನಾಲ್ಕು ಸಲ ಆಟಕ್ಕಿಳಿಯುವಷ್ಟೇ ಹೊತ್ತು, ಆಡಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಇಡೀ ಸೀಸನ್ನಿಗೆ ಕೈಮುಗಿದರು. 2024ರಲ್ಲಿ ಬಹುತೇಕ ಲೀಗುಗಳಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಕ್ರಿಶ್ಚಿಯನ್ ಮೆಕ್ಯಾಫ್ರಿ ಮೊದಲ ಎಂಟು ಪಂದ್ಯ ಆಡಲೇ ಇಲ್ಲ. ಸ್ಪ್ರೆಡ್‌ಶೀಟ್ ಮಾಡಿ, ಮೂರು ಪಾಡ್‌ಕಾಸ್ಟ್ ಕೇಳಿ, ಸರಿಯಾದ ಹೆಸರನ್ನೇ ಆರಿಸಿದವರು ಆ ವರ್ಷ ರಾಜ್ಯೋತ್ಸವದ ಹೊತ್ತಿಗೆ ಮುಖ ಮುಚ್ಚಿಕೊಂಡು ಓಡಾಡಬೇಕಾಯಿತು.

"ಎಲ್ಲ ಅದೃಷ್ಟವೇ ಆದರೆ ಕೆಲವರು ಪ್ರತಿ ವರ್ಷ ಕೊನೆಯಲ್ಲೇ ಇರೋದು ಯಾಕೆ?" ಎಂದು ನಾದಿನಿ ಕೇಳುತ್ತಾಳೆ. ಒಳ್ಳೆಯ ಪ್ರಶ್ನೆ. ಉತ್ತರ ಅದೇ ಪಟ್ಟಿಯಲ್ಲಿ, ಯಾರೂ ಓದದ ಇನ್ನೊಂದು ಕಾಲಮ್ಮಿನಲ್ಲಿದೆ: ಒಟ್ಟು ಗಳಿಸಿದ ಅಂಕ. ಗೆಲುವಿನ ಕಾಲಮ್ಮು ಎದುರಾಳಿಯ ಹಣೆಬರಹವನ್ನೂ ಸೇರಿಸಿ ಬರೆಯುತ್ತದೆ; ಅಂಕದ ಕಾಲಮ್ಮಿನಲ್ಲಿ ಗಾಯದ ಪಾಲು ಕಳೆದರೆ ಉಳಿಯುವುದು ನಮ್ಮ ಸ್ವಭಾವ. ಡಲ್ಲಸ್‌ನಲ್ಲಿ ಮನೆ ಕೊಂಡ ತಪ್ಪಿಗೆ ಕೌಬಾಯ್ಸ್ ಆಟಗಾರರನ್ನೇ ಗುಡ್ಡೆ ಹಾಕಿಕೊಳ್ಳುವ ಮಾವನವರ ತಂಡಕ್ಕೆ ಆ ತಂಡದ ರಜೆಯ ವಾರದಲ್ಲಿ ಸಾಮೂಹಿಕ ಸೂತಕ. ಎರಡನೇ ಸುತ್ತಿನಲ್ಲಿ ಆರಿಸಿದವನು ಓಡಲಾರ ಎಂದು ಲೋಕಕ್ಕೆಲ್ಲ ತಿಳಿದ ಮೇಲೂ "ಅಷ್ಟು ಕೊಟ್ಟು ತಂದಿದ್ದೇವೆ" ಎಂದು ಆಡಿಸುವವರು ಹಳೆಯ ಮಿಕ್ಸಿಯನ್ನೂ ಎಸೆಯುವವರಲ್ಲ. 2023ರಲ್ಲಿ ಪೂಕಾ ನಕುವಾ ಎಂಬ ಹುಡುಗನನ್ನು ಬಹುತೇಕ ಲೀಗುಗಳಲ್ಲಿ ಆರಂಭದಲ್ಲಿ ಯಾರೂ ಮೂಸಿರಲಿಲ್ಲ. ಅವನು 105 ಚೆಂಡು ಹಿಡಿದು 1,486 ಗಜ ಗಳಿಸಿ ಹೊಸಬರ ದಾಖಲೆ ಬರೆದ. ಎರಡನೇ ವಾರವೇ ಹೆಸರಿಲ್ಲದ ಅವನನ್ನು ಸೇರಿಸಿಕೊಂಡವರು ಮೇಲೆದ್ದರು. ಮನೆತನ ವಿಚಾರಿಸುತ್ತ ಕೂತವರು ಕೂತೇ ಇದ್ದರು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ನೆಂಟಸ್ತಿಕೆ. ಆಟಗಾರರ ಅದಲುಬದಲು ನೆಟ್ಟಗೆ ನಡೆಯಬೇಕಾದರೆ ಯಾರಾದರೂ "ಇಲ್ಲ" ಎನ್ನಲು ಕಲಿತಿರಬೇಕು. ಮೊದಲ ದೀಪಾವಳಿಗೆ ಉಂಗುರ ತೊಡಿಸಿದ ಮಾವ, ಸೀಸನ್ನಿನ ನಡುವೆ ಬರುವ ಇನ್ನೊಂದು ದೀಪಾವಳಿಯಂದು ಒಬ್ಬಟ್ಟು ಬಡಿಸುತ್ತ ಚೆಂಡೆಸೆಯುವ ನಿನ್ನ ಕ್ವಾರ್ಟರ್‌ಬ್ಯಾಕ್ ಕೊಡಪ್ಪ ಎಂದರೆ ಅಳಿಯ ಏನು ಮಾಡಬೇಕು? ಕೊಡುತ್ತಾನೆ. ಕೊಟ್ಟ ಮೇಲೂ ಅಂಕದ ಕಾಲಮ್ಮಿನಲ್ಲಿ ಮೂರನೆಯವನಾಗಿದ್ದರೆ ಅವನನ್ನು ಮೆಚ್ಚಬೇಕು, ಮೂದಲಿಸಬಾರದು. ನಾದಿನಿಯ ನಿಜವಾದ ಅರ್ಧ ಇಲ್ಲಿದೆ: ಅವಳು ಅಪ್ಪನಿಗೂ "ಇಲ್ಲ" ಎನ್ನಬಲ್ಲಳು.

ಕೊನೆಯ ಆಕ್ಷೇಪಣೆ ಮೈಸೂರಿನ ಅಜ್ಜಿ. ಆಟದ ನಿಯಮ ತಿಳಿಯದ ಅಜ್ಜಿ ನಾಲ್ಕನೇ ಸ್ಥಾನದಲ್ಲಿದ್ದರೆ ತಿಳಿವಳಿಕೆಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಅಜ್ಜಿಯ ತಂಡವನ್ನು ಆರಿಸಿದ್ದು ರ‍್ಯಾಂಕಿಂಗ್ ನೋಡಿಕೊಂಡು ನಡೆಯುವ ಕಂಪ್ಯೂಟರ್. ಅವರಿಗೆ ಊರಿನ ತಂಡದ ಅಭಿಮಾನವಿಲ್ಲ, ಪಾಡ್‌ಕಾಸ್ಟಿನ ದಿಗಿಲಿಲ್ಲ. ಸೋಮವಾರ ರಾತ್ರಿಯ ಪಂದ್ಯ ಅಕ್ಟೋಬರಿನಲ್ಲಿ ಮೈಸೂರಿಗೆ ಮಂಗಳವಾರ ಬೆಳಗಿನ 5.45ಕ್ಕೆ ಬರುವುದರಿಂದ ಫಿಲ್ಟರ್ ಕಾಫಿಯ ಜೊತೆ ಅಂಕ ನೋಡುತ್ತಾರೆ. ಗಾಯಗೊಂಡವನ ಹೆಸರಿನ ಪಕ್ಕ ಕೆಂಪು ಗುರುತು ಕಂಡರೆ "ಪಾಪ, ಮಲಗಿಕೊಳ್ಳಲಿ" ಎಂದು ಬೇರೆಯವನನ್ನು ಇಳಿಸುತ್ತಾರೆ. ಈ ಆಟದಲ್ಲಿ ಬೇಕಾದ ಜ್ಞಾನದ ಮುಕ್ಕಾಲು ಭಾಗ ಅಷ್ಟೇ. ಉಳಿದ ಕಾಲು ಭಾಗಕ್ಕಾಗಿ ನಾವು ನಿದ್ದೆಗೆಡುತ್ತೇವೆ.

ಆದ್ದರಿಂದ ತೀರ್ಪನ್ನು ಮುಂದೂಡುವುದೇ ನ್ಯಾಯ. ಸಾಮಾನ್ಯವಾಗಿ ಹದಿನಾಲ್ಕನೇ ವಾರದವರೆಗೆ ಲೀಗ್ ಪಂದ್ಯಗಳಿರುತ್ತವೆ, ಪ್ಲೇಆಫ್ ಆಮೇಲೆ. ನಾಣ್ಯಕ್ಕೆ ಹಿಂದಿನ ಎಂಟು ವಾರಗಳ ನೆನಪೂ ಇಲ್ಲ, ದ್ವೇಷವೂ ಇಲ್ಲ. ಪಟ್ಟಿ ಕಳಿಸುವವರು ಒಟ್ಟು ಅಂಕದ ಕಾಲಮ್ಮನ್ನು ಮೊದಲು ಹಾಕಲಿ. ಅದರಲ್ಲೂ ಅಳಿಯ ಕೊನೆಯವನಾದರೆ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ವಿಚಾರಣೆ ನಡೆಯಲಿ, ಆದರೆ ಕ್ವಾರ್ಟರ್‌ಬ್ಯಾಕ್ ಈಗ ಯಾರ ಬಳಿ ಇದ್ದಾನೆ ಎಂಬ ಪ್ರಶ್ನೆಯಿಂದಲೇ ಅದು ಶುರುವಾಗಲಿ. ಇಷ್ಟಾದರೂ ಅವನನ್ನು ಬೈಯಲೇಬೇಕೆನಿಸಿದರೆ, ಅಳಿಯನನ್ನು ಬೈಯಲು ಫುಟ್‌ಬಾಲೇ ಬೇಕೆ?